ಮಂಗನ ಕಾಯಿಲೆ ತೆರೆದ ಹಕ್ಕಿದಾರಿ

1957ರ ಮಾರ್ಚ್ ತಿಂಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನ ಊರುಗಳಲ್ಲಿ ಸೊಪ್ಪಿಗೆ, ಸೌದೆಗೆ ಹೋದವರು ಸತ್ತ ಮಂಗಗಳ ಸುದ್ದಿ ತರತೊಡಗಿದರು. ಒಂದು ದಿನ ಮುಸಿಯ, ಇನ್ನೊಂದು ದಿನ ಕೆಂಪುಮೋರೆಯ ಮಂಗ. ಗುಂಡೇಟಿನ ಗುರುತಿರಲಿಲ್ಲ, ನಾಯಿ ಕಚ್ಚಿದ ಗಾಯವೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಅದೇ ಕಾಡಿಗೆ ಹೋಗಿ ಬಂದವರು ಹಾಸಿಗೆ ಹಿಡಿದರು. ಇದ್ದಕ್ಕಿದ್ದಂತೆ ಏರುವ ಜ್ವರ, ಮುಟ್ಟಗೊಡದಷ್ಟು ಮೈಕೈ ನೋವು, ಕೆಂಪಡರಿದ ಕಣ್ಣು; ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಮೊದಮೊದಲು ಅದನ್ನು ವಿಷಮಶೀತ ಜ್ವರವೆಂದೇ ಬಗೆಯಲಾಯಿತು. ಊರಿನವರು ಮಾತ್ರ ಮಂಗದ ಸಾವಿಗೂ ಮನುಷ್ಯರ ಜ್ವರಕ್ಕೂ ಗಂಟು ಹಾಕಿ, ಇದು ಮಂಗನ ಕಾಯಿಲೆ ಎಂದರು. ಯಾವ ಪ್ರಯೋಗಾಲಯವೂ ಬಾಯಿಬಿಡುವ ಮೊದಲೇ ಅವರ ಊಹೆ ಸರಿಯಾದ ಜಾಗಕ್ಕೆ ಹೋಗಿ ಮುಟ್ಟಿತ್ತು.

ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಬೆಚ್ಚಿಬೀಳಿಸಿತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ ಕೇಂದ್ರ ಅದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸತ್ತರೆ ಮೊದಲು ಬರುತ್ತಿದ್ದ ಅನುಮಾನ ಹಳದಿ ಜ್ವರದ್ದು. ಆ ರೋಗ ಏಷ್ಯಾದಲ್ಲಿ ಎಂದೂ ನೆಲೆಯೂರಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆಯೇನೋ ಭಾರತದ ಊರೂರಲ್ಲಿತ್ತು. ತಡೆದುಕೊಳ್ಳುವ ಶಕ್ತಿ ಮಾತ್ರ ಇಲ್ಲಿನ ಜನರ ಮೈಯಲ್ಲಿರಲಿಲ್ಲ. ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ತಂಡದವರು ಮಲೆನಾಡಿಗೆ ಧಾವಿಸಿದರು. ಸತ್ತ ಮಂಗಗಳ ಅಂಗಾಂಶವೂ ರೋಗಿಗಳ ರಕ್ತವೂ ಪುಣೆ ಸೇರಿದವು. ಕಣ್ಣು ಬಿಡದ ಇಲಿಮರಿಗಳಿಗೆ ಅದನ್ನು ಚುಚ್ಚಿ ಕಾದರು. ಮರಿಗಳು ಕಾಯಿಲೆ ಬಿದ್ದವು, ವೈರಸ್ ಕೈಗೆ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ.

ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಒಗಟು ಎದುರಾಯಿತು. ಈ ವೈರಸ್ಸಿನ ಲಕ್ಷಣಗಳು ಹೊಂದಿದ್ದು ರಷ್ಯಾದ ಉಣುಗುಜ್ವರಗಳ ಕುಟುಂಬಕ್ಕೆ. ಆ ಕುಟುಂಬದ ಮೊದಲ ವೈರಸ್ಸನ್ನು 1937ರಲ್ಲಿ ಸೋವಿಯತ್ ದೇಶದ ಮೂಡಣ ತುದಿಯ ಕಾಡುಗಳಲ್ಲಿ ಲೆವ್ ಜಿಲ್ಬರ್ ಅವರ ತಂಡ ಹಿಡಿದಿತ್ತು. ಅದೇ ತಂಡದ ಮಿಖಾಯಿಲ್ ಚುಮಕೋವ್ ಸ್ವತಃ ಸೋಂಕಿಗೆ ಸಿಕ್ಕಿ ಕಿವಿಯನ್ನೂ ಒಂದು ತೋಳಿನ ಬಲವನ್ನೂ ಕಳೆದುಕೊಂಡಿದ್ದರು. ಹಾಗಿದ್ದೂ 1940ರ ದಶಕದಲ್ಲಿ ಓಮ್ಸ್ಕ್ ಸುತ್ತಿನ ರಕ್ತಸ್ರಾವದ ಜ್ವರದ ಬೆನ್ನು ಹತ್ತಿದರು. ಸೊರಬದ ಜ್ವರ ಹೆಚ್ಚಾಗಿ ಹೋಲುತ್ತಿದ್ದುದು ಆ ಓಮ್ಸ್ಕ್ ಜ್ವರವನ್ನು. ಹಿಮ ಸುರಿಯುವ ಸೈಬೀರಿಯಾದ ವೈರಸ್ಸಿಗೆ ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳ ನಾಡಿನಲ್ಲಿ ನೆಂಟ ಹುಟ್ಟಿದ್ದು ಹೇಗೆ?

ಭೂಪಟ ಬಿಡಿಸಿದವರಿಗೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತಿತ್ತು. ಓಮ್ಸ್ಕ್ ಮತ್ತು ಸೊರಬ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿದ್ದವು. ನಡುವೆ ಸುಮಾರು 4,500 ಕಿಲೋಮೀಟರ್ ಮರುಭೂಮಿ, ಹಿಮಪರ್ವತ, ಬಯಲು. ಅಷ್ಟನ್ನೂ ಪ್ರತಿವರ್ಷ ದಾಟಿ ಬರುವ ಜೀವಿಗಳು ಹಕ್ಕಿಗಳು. ಓಮ್ಸ್ಕ್ ಸುತ್ತಮುತ್ತ ಕೆರೆಗಳ ಬಯಲಿತ್ತು, ಸೊರಬವೂ ಕೆರೆಗಳ ಸೀಮೆಯೇ. ವಲಸೆ ಬಾತುಗಳು ಅಕ್ಟೋಬರ್ ಸುಮಾರಿಗೆ ಬಂದಿಳಿದು ಬೇಸಿಗೆಯ ಹೊತ್ತಿಗೆ ಮರಳುತ್ತಿದ್ದವು. ಜ್ವರ ಡಿಸೆಂಬರಿನಲ್ಲಿ ತಲೆಯೆತ್ತಿ ಮಳೆ ಹಿಡಿಯುವವರೆಗೆ ಕಾಡುತ್ತಿತ್ತು. ರೆಕ್ಕೆಯ ಬುಡದಲ್ಲೋ ಕಿವಿಯ ಬಳಿಯೋ ಕಚ್ಚಿಕೊಂಡು ಬಂದ ಒಂದು ಉಣುಗು ಸಾಕಿತ್ತು. ಜಾಗವೂ ಕಾಲವೂ ಇಷ್ಟು ಚೆನ್ನಾಗಿ ಕೂಡಿಬಂದಾಗ ಸಂಶಯ ಹಕ್ಕಿಗಳ ಮೇಲೆ ಹೋಗದೆ ಇರುವುದು ಸಾಧ್ಯವೇ ಇರಲಿಲ್ಲ.

ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಬರುತ್ತದೆ ಎಂದು ಕೇಳಿದರೆ ಉತ್ತರಿಸಬಲ್ಲ ದಾಖಲೆ ಭಾರತದಲ್ಲಿ ತೀರಾ ಕಡಿಮೆಯಿತ್ತು. 1920ರ ದಶಕದಲ್ಲಿ ಧಾರ್ ಸಂಸ್ಥಾನದ ಮಹಾರಾಜರ ಆಸಕ್ತಿಯಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಬಾತುಗಳ ಕಾಲಿಗೆ ಉಂಗುರ ತೊಡಿಸಿತ್ತು. ಆ ಕೆಲಸ ಅಲ್ಲಲ್ಲೇ ತೆವಳುತ್ತ ಬಂದಿತ್ತು. ಅದನ್ನು ದೇಶದ ಮಟ್ಟಕ್ಕೆ ಬೆಳೆಸಬೇಕೆಂಬ ಹಂಬಲವಿದ್ದ ಒಬ್ಬರಿದ್ದರು: ಸಲೀಂ ಅಲಿ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿ, 1940ರಲ್ಲಿ ರಂಗನತಿಟ್ಟಿಗೆ ರಕ್ಷಣೆ ಸಿಗಲು ಕಾರಣರಾದ ಅವರಿಗೆ ಈ ನೆಲ ಹೊಸದಾಗಿರಲಿಲ್ಲ. ಹಂಬಲವಿತ್ತು, ಹಣವಿರಲಿಲ್ಲ. ಹಕ್ಕಿಗಳ ದಾರಿ ತಿಳಿಯಲೆಂದು ಕೇಳಿದರೆ ಯಾರೂ ಕೈಬಿಚ್ಚುತ್ತಿರಲಿಲ್ಲ. ಜ್ವರದ ದಾರಿ ತಿಳಿಯಬೇಕಾಗಿ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ನೆರವಿಗೆ ಮುಂದಾಯಿತು. 1959ರಲ್ಲಿ ಸೊಸೈಟಿಯ ಹಕ್ಕಿ ವಲಸೆ ಯೋಜನೆ ಶುರುವಾಯಿತು. ಸಲೀಂ ಅಲಿ ಅವರಿಗೆ ಆಗ 63 ವರ್ಷ.

ಕಛ್, ಭರತ್‌ಪುರ, ತಮಿಳುನಾಡಿನ ಕೋಡಿಯಕ್ಕರೈ ಹೀಗೆ ಹಕ್ಕಿಗಳು ನೆರೆಯುವ ಕಡೆಗಳಲ್ಲಿ ಡೇರೆಗಳು ಎದ್ದವು. ಹಕ್ಕಿ ಹಿಡಿಯುವ ಕೆಲಸಕ್ಕೆ ಬಂದವರು ಬಿಹಾರದ ಮೀರ್‌ಶಿಕಾರಿಗಳು, ತಲೆಮಾರುಗಳಿಂದ ಹಕ್ಕಿ ಹಿಡಿದೇ ಬದುಕಿದವರು. ಅವರಲ್ಲಿ ಅಲಿ ಹುಸೇನ್ ಎಂಬವರ ಕೈಚಳಕ ಮುಂದೆ ಬೇರೆ ದೇಶಗಳವರೂ ಬಯಸುವಷ್ಟು ಹೆಸರಾಯಿತು. ಕುಣಿಕೆ, ಬಲೆಗಳ ಅವರ ವಿದ್ಯೆಯ ಜೊತೆಗೆ, ಗಾಳಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಜಪಾನಿ ಬಲೆಗಳೂ ಸೇರಿದವು. ಈ ಕತೆಯಲ್ಲಿ ವಿಜ್ಞಾನಿಗಳಷ್ಟೇ ಗೌರವ ಆ ಮೀರ್‌ಶಿಕಾರಿಗಳಿಗೂ ಸಲ್ಲಬೇಕು. ಗರಿ ಮುರಿಯದಂತೆ ಹಿಡಿದು ಕೊಡುವ ಕೈಗಳಿಲ್ಲದಿದ್ದರೆ ಉಂಗುರದ ಯೋಜನೆ ಕಾಗದದ ಮೇಲೇ ಉಳಿಯುತ್ತಿತ್ತು.

ಹಿಡಿದ ಹಕ್ಕಿಯ ಕೊರಳು ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಹಗುರವಾಗಿ ಕೂರುತ್ತಿತ್ತು, ಬೆನ್ನು ಅಂಗೈಗೆ ಒರಗುತ್ತಿತ್ತು. ಬಾಯಿ ತೆರೆದ ಅಲ್ಯೂಮಿನಿಯಂ ಉಂಗುರವನ್ನು ಕಾಲಿಗೆ ತೊಡಿಸಿ ಇಕ್ಕಳದಿಂದ ಮೆಲ್ಲನೆ ಅದುಮುತ್ತಿದ್ದರು. ಬಿಗಿಯಾದರೆ ಕಾಲು ಬಾಯುತ್ತಿತ್ತು, ಸಡಿಲವಾದರೆ ಹುಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಉಂಗುರದ ಮೇಲೊಂದು ಸಂಖ್ಯೆ, ಬಾಂಬೆಯ ಸೊಸೈಟಿಗೆ ತಿಳಿಸಿ ಎಂಬ ಇಂಗ್ಲಿಷ್ ಕೋರಿಕೆ. ಆಮೇಲೆ ರೆಕ್ಕೆಯ ಅಳತೆ, ತೂಕ. ಕಡೆಗೆ ಕೆನ್ನೆಯ ಗರಿಗಳನ್ನು ಉಫ್ ಎಂದು ಊದಿ ಸರಿಸಿ, ಕಣ್ಣಿನ ಸುತ್ತ, ಕಿವಿಯ ಮರೆಯಲ್ಲಿ ಉಣುಗು ಹುಡುಕುತ್ತಿದ್ದರು. ಸಿಕ್ಕಿದ್ದನ್ನು ಚಿಮಟದಿಂದ ಕಿತ್ತು ಸೀಸೆಗೆ ಹಾಕಿ, ಒಂದಿಷ್ಟು ರಕ್ತ ತೆಗೆದುಕೊಂಡು ಹಕ್ಕಿಯನ್ನು ಬಿಡುತ್ತಿದ್ದರು.

ಅಲ್ಲಿಂದ ಮುಂದೆ ಕಾಯುವ ಕೆಲಸ. ಉಂಗುರ ತೊಟ್ಟ ಬಹುಪಾಲು ಹಕ್ಕಿಗಳ ಸುದ್ದಿ ಮತ್ತೆ ಬರಲೇ ಇಲ್ಲ. ಬಂದ ಸುದ್ದಿಗಳಲ್ಲಿ ಬೇಟೆಗಾರರ ಗುಂಡಿಗೆ ಸಿಕ್ಕವುಗಳದ್ದೇ ಹೆಚ್ಚು. ಸೈಬೀರಿಯಾದ ಬೇಟೆಗಾರನೊಬ್ಬ ಕಾಲಿನ ಉಂಗುರ ಗಮನಿಸಬೇಕು, ಎಸೆಯದೆ ಇಟ್ಟುಕೊಳ್ಳಬೇಕು, ಯಾರಿಗಾದರೂ ತೋರಿಸಬೇಕು, ಅದು ಮಾಸ್ಕೋದ ಉಂಗುರ ಕೇಂದ್ರದ ಮೂಲಕ ಬಾಂಬೆಗೆ ಬರಬೇಕು. ಮಾಸ್ಕೋ ಎಂದು ಕೊರೆದ ಉಂಗುರಗಳೂ ಇತ್ತ ಭಾರತದ ಕೆರೆಗಳಲ್ಲಿ ಸಿಗುತ್ತಿದ್ದವು. ಇದರ ನಡುವೆ ರಾಜಕೀಯದ ಪೆಟ್ಟೂ ಬಿತ್ತು. ಅಮೆರಿಕದ ಸೇನೆಯ ಹಣದಲ್ಲಿ ಏಷ್ಯಾದಾದ್ಯಂತ ನಡೆಯುತ್ತಿದ್ದ ವಲಸೆ ಪ್ರಾಣಿಗಳ ರೋಗ ಸಮೀಕ್ಷೆಯ ಜೊತೆ ಸೊಸೈಟಿ ಕೈಜೋಡಿಸಿದ್ದು 1970ರ ದಶಕದಲ್ಲಿ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಗದ್ದಲವೆಬ್ಬಿಸಿತು. ರೋಗಾಣು ಯುದ್ಧಕ್ಕೆ ಹಕ್ಕಿಗಳ ದಾರಿ ಹುಡುಕಲಾಗುತ್ತಿದೆ ಎಂಬ ಆಪಾದನೆ ಹರಡಿತು. ಬದುಕಿಡೀ ಹಕ್ಕಿಗಳ ಹಿಂದೆ ಅಲೆದ ಮುದುಕರೊಬ್ಬರಿಗೆ ಅದಕ್ಕಿಂತ ಕಹಿಯಾದ ಮಾತು ಬೇಕಿರಲಿಲ್ಲ.

ಇತ್ತ ಮಲೆನಾಡಿನಲ್ಲಿ ಇನ್ನೊಂದು ಹಠದ ಕೆಲಸ ಸದ್ದಿಲ್ಲದೆ ಸಾಗಿತ್ತು. ಪಿ.ಕೆ. ರಾಜಗೋಪಾಲನ್, ಕೊಲಂಬಿಯಾದಿಂದ ಬಂದಿದ್ದ ಹೋರ್ಹೆ ಬೋಶೆಲ್ ಮೊದಲಾದವರು ಸಾಗರ, ಸೊರಬಗಳ ಕಾಡಿನಲ್ಲಿ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಹತ್ತಿದ ಉಣುಗುಗಳನ್ನು ತಿಂಗಳು ತಿಂಗಳೂ ಎಣಿಸುತ್ತಿದ್ದರು. ದನ, ಇಲಿ, ಮಂಗ, ಹಕ್ಕಿ ಒಂದನ್ನೂ ಬಿಡದೆ ಮೈ ತಡಕುತ್ತಿದ್ದರು. ಪ್ರಯೋಗಾಲಯದವರಲ್ಲೂ ಕಾಡು ಸುತ್ತಿದವರಲ್ಲೂ ಹಲವರು ಅದೇ ಜ್ವರದಲ್ಲಿ ಮಲಗಿ ಎದ್ದರು. ಅವರ ಲೆಕ್ಕ ಬೆಳೆದಂತೆ ಬಾತುಗಳ ಮೇಲಿನ ಸಂಶಯ ತೆಳುವಾಯಿತು. ಕೆರೆಯ ನೀರಲ್ಲಿ ಹಗಲು ಕಳೆದು ಗದ್ದೆಯಲ್ಲಿ ಮೇಯುವ ಬಾತು ಕಾಡಿನೊಳಗೆ ಕಾಲಿಡುತ್ತಿರಲಿಲ್ಲ, ಜ್ವರವಿದ್ದುದು ಕಾಡಿನೊಳಗೆ. ನೆಲದಲ್ಲಿ ಕೆದಕುವ ಹಕ್ಕಿಗಳ ಮೈಮೇಲೆ ಮರಿ ಉಣುಗುಗಳು ಸಿಕ್ಕವು ನಿಜ, ಆದರೆ ಕಾಡುಕೋಳಿಯಂಥವು ಅಲ್ಲೇ ಹುಟ್ಟಿ ಅಲ್ಲೇ ಸಾಯುವ ಹಕ್ಕಿಗಳು.

ಕಾಡಿಗೇ ಬರುವ ವಲಸೆ ಹಕ್ಕಿಗಳಿಲ್ಲವೆಂದಲ್ಲ. ಏಷ್ಯಾದ ಮೂಡಣ ಕಾಡುಗಳಲ್ಲಿ ಮರಿ ಮಾಡುವ ಕಾಡು ಸಿಪಿಲೆ, ಉಳಿದ ಸಿಪಿಲೆಗಳಂತೆ ಬಾಲವನ್ನು ಮೇಲೆ ಕೆಳಗೆ ಕುಣಿಸದೆ ಅತ್ತಿತ್ತ ತೂಗುತ್ತ, ಚಳಿಗಾಲವಿಡೀ ಪಶ್ಚಿಮಘಟ್ಟದ ತರಗೆಲೆಗಳ ಮೇಲೆಯೇ ನಡೆದಾಡುತ್ತದೆ. ಕೊಡಗಿನ ಮಾದಾಪುರದ ಕಡೆಯ ಕಾಫಿ ತೋಟಗಳ ನೆರಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಹೊಳೆಯ ಕಲ್ಲುಗಳ ಮೇಲೆ ಹಿಮಾಲಯದಾಚೆಯಿಂದಲೂ ಬರುವ ಬೂದು ಸಿಪಿಲೆಗಳೂ ಅಲ್ಲಿ ಕಾಣುತ್ತವೆ. ರೋಗ ತರುವುದು ಹಕ್ಕಿಗಳೇ ಆಗಿದ್ದರೆ ಸೊರಬಕ್ಕೆ ಬಂದದ್ದು ಕೊಡಗಿಗೂ ಬರಬೇಕಿತ್ತು. ಆ ದಶಕಗಳಲ್ಲಿ ಮಂಗನ ಕಾಯಿಲೆಯ ನಕ್ಷೆಯಲ್ಲಿ ಕೊಡಗಿರಲಿಲ್ಲ.

ಕೊನೆಗೆ ಒಗಟು ಬಿಡಿಸಿದ್ದು ಉಣುಗಿನ ಪಂಚಾಂಗ. ಅದರ ದೊಡ್ಡ ಹುಳುಗಳು ಮಳೆ ಬಿದ್ದೊಡನೆ ಎದ್ದು ಮುಖ್ಯವಾಗಿ ದನಗಳ ರಕ್ತ ಹೀರುತ್ತಿದ್ದವು. ಮಳೆ ನಿಂತ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತಿದ್ದವು. ಡಿಸೆಂಬರಿನಿಂದ ಮೇವರೆಗೆ ಕಾಡೆಲ್ಲ ತುಂಬುತ್ತಿದ್ದುದು ಎರಡನೇ ಹಂತದ ಎಳೆಯ ಉಣುಗು. ಸೊಪ್ಪು ತರಲು ಹೋದವರನ್ನು ಕಚ್ಚುತ್ತಿದ್ದುದು ಅದೇ. ಬಾತುಗಳ ಋತುವಿಗೂ ಜ್ವರದ ಋತುವಿಗೂ ಇದ್ದ ಹೊಂದಿಕೆ ಬರಿಯ ಕಾಕತಾಳೀಯ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಜಾಗವನ್ನೇ ರೋಗದ ತಾಣ ಮಾಡುತ್ತಿದ್ದವು. ಕಾಡು ಕಡಿದು, ಅಂಚಿನಲ್ಲಿ ಲಾಂಟಾನ ಬೆಳೆದು, ದನಗಳು ಒಳನುಗ್ಗಿದಂತೆ ಉಣುಗಿನ ಸಂತಾನ ಹೆಚ್ಚಿತೆಂದು ಬೋಶೆಲ್ 1969ರಲ್ಲಿ ಬರೆದರು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಬಳಿ ಗೇರು ತೋಪಿಗಾಗಿ ಕಾಡು ಸವರಿದ ಬೆನ್ನಲ್ಲೇ ಕಾಯಿಲೆ ಭೀಕರವಾಗಿ ಎದ್ದಿತು. ವೈರಸ್ಸಿನ ಹತ್ತಿರದ ನೆಂಟ ಸಿಕ್ಕಿದ್ದೂ ಸೈಬೀರಿಯಾದಲ್ಲಲ್ಲ, ಸೌದಿ ಅರೇಬಿಯಾದಲ್ಲಿ. ಎರಡೂ ಸುಮಾರು 700 ವರ್ಷಗಳ ಹಿಂದೆ ಕವಲೊಡೆದಿರಬೇಕೆಂದು 2011ರ ಒಂದು ವಂಶವಾಹಿ ಅಧ್ಯಯನ ಅಂದಾಜಿಸಿತು.

ಹೀಗೆ ತಪ್ಪು ಸಂಶಯದಿಂದ ಹೊರಟ ಉಂಗುರಗಳು ಮಾತ್ರ ವ್ಯರ್ಥವಾಗಲಿಲ್ಲ. ಬಾತು, ಗೊರವಗಳು ಮಧ್ಯ ಏಷ್ಯಾದ ಮೇಲಿನಿಂದ ಭಾರತಕ್ಕೆ ಇಳಿಯುವ ದಾರಿಗಳು ಒಂದೊಂದಾಗಿ ಮೂಡಿದವು. ಬಡಗಣದ ಕೆರೆಗಳು ಹೆಪ್ಪುಗಟ್ಟಿ ಮೇವು ಮುಚ್ಚಿಹೋದಾಗ ಅವು ಹೊರಡುತ್ತಿದ್ದವು. ಇಲ್ಲಿ ಯಾವ ಕೆರೆಯಲ್ಲಿ ಇಳಿಯಬೇಕೆಂಬುದನ್ನು ನೀರಿನ ಆಳ, ಹತ್ತಿರದ ಹೊಲದ ಮೇವು, ಜನರ ಕಾಟ ನಿರ್ಧರಿಸುತ್ತಿದ್ದವು. ಗದಗದ ಮಾಗಡಿ ಕೆರೆಯಲ್ಲಿ ಹಗಲು ಕಳೆದು ಸುತ್ತಲ ಕಡಲೆ, ಶೇಂಗಾ ಹೊಲಗಳಿಗೆ ಮೇಯಲು ಹೋಗುವ ಪಟ್ಟೆತಲೆ ಹೆಬ್ಬಾತುಗಳದ್ದು ಅದೇ ಲೆಕ್ಕಾಚಾರ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಇಂಥ ಹೆಬ್ಬಾತುಗಳು ಮೈಸೂರಿನ ಬಳಿಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡವು. 2006ರಲ್ಲಿ ಹಕ್ಕಿಜ್ವರ ಮಹಾರಾಷ್ಟ್ರದ ಕೋಳಿ ಫಾರಂಗಳಲ್ಲಿ ಮೊದಲ ಬಾರಿ ಕಾಣಿಸಿಕೊಂಡು, ವಲಸೆ ಹಕ್ಕಿಗಳ ಮೇಲೆ ಮತ್ತೆ ಬೆರಳು ಎದ್ದಾಗ, 1957ರಲ್ಲಿ ಇಲ್ಲದಿದ್ದ ದಾಖಲೆ ಸೊಸೈಟಿಯ ಕೈಯಲ್ಲಿತ್ತು.