ಮೊದಲು ಬೀಳುವುದನ್ನು ಕಲಿಯಲಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮಕ್ಕಳಿಗೆ ಕಾದಾಟದ ಆಟವೆಂದರೆ ಮೊದಲು ನೆನಪಾಗುವುದು ಕುಸ್ತಿ. ಸಂಗೊಳ್ಳಿ ರಾಯಣ್ಣ ತಾಲೀಮು ಮಾಡಿದನೆನ್ನುವ ಗರಡಿ ಮನೆಯನ್ನು ಅವನ ಊರಲ್ಲಿ ಇಂದಿಗೂ ತೋರಿಸುತ್ತಾರೆ. ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಹೆಣ್ಣುಮಕ್ಕಳೂ ಕುಸ್ತಿ ಕಣಕ್ಕಿಳಿಯುತ್ತಾರೆ. ಅದನ್ನು ನೋಡಿ ಬಂದ ಮಗು ‘ಅಪ್ಪಾ, ನಾನೂ ಹೊಕ್ಕೀನಿ’ ಅಂದರೆ ಬೇಡವೆನ್ನಬೇಡಿ. ಆದರೆ ಯಾರ ಕೈಗೆ ಒಪ್ಪಿಸುತ್ತೀರಿ ಎಂಬುದನ್ನು ನೀವೇ ಹೋಗಿ ನೋಡಿ ಬನ್ನಿ.

ಹೋದವರು ಮೊದಲು ಗರಡಿಯ ಮಣ್ಣಿಗೆ ಕೈ ಹಾಕಿ. ಸೋಸಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಬೆರೆಸಿ, ಆಗಾಗ ಅಗೆದು ಮಗುಚಿದ್ದರೆ ಬೆರಳು ಸಲೀಸಾಗಿ ಇಳಿಯುತ್ತವೆ. ಹೆಂಟೆಗಟ್ಟಿದ್ದರೆ ನಿಮ್ಮ ಮಗು ಅಲ್ಲಿ ಬೀಳುವುದು ಬೇಡ. ಮ್ಯಾಟ್ ಇದ್ದರೆ ದಿನಾಲು ಒರೆಸುತ್ತಾರೋ ಕೇಳಿ. ಮೈಗೆ ಮೈ ತಾಗುವ ಆಟವಾದ್ದರಿಂದ ಹುಳಕಡ್ಡಿ ಬೇಗ ಹಬ್ಬುತ್ತದೆ. ಮೈಮೇಲೆ ದುಂಡನೆಯ ಕಲೆ ಕಂಡರೆ ಡಾಕ್ಟರಿಗೆ ತೋರಿಸಿ, ವಾಸಿಯಾಗುವ ತನಕ ಮನೆಯಲ್ಲೇ ಇರಿಸಿ. ಟವೆಲ್, ಲಂಗೋಟಿ ಅವರವರದೇ ಇರಲಿ.

ಆಮೇಲೆ ಪಾಠ ನೋಡಿ. ಒಳ್ಳೆಯ ಉಸ್ತಾದರು ಮೊದಲ ಕೆಲವು ವಾರ ದಂಡ, ಬಸ್ಕಿ, ಕುತ್ತಿಗೆ ಗಟ್ಟಿಯಾಗುವ ವ್ಯಾಯಾಮ ಮಾಡಿಸುತ್ತಾರೆ, ಜತೆಗೆ ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಬೇಕು, ಬೆನ್ನು ಗುಂಡಗಾಗಬೇಕು, ಮೈ ಉರುಳಿಹೋಗಬೇಕು. ಹೆದರಿ ಕೈ ಚಾಚಿ ಅಂಗೈ ಊರಿದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ, ಮೊಣಕೈ ಮೇಲೆ ಬೀಳುತ್ತದೆ. ಮಕ್ಕಳ ಕೈ ಮುರಿಯುವುದು ಹೀಗೆಯೇ. ಇದನ್ನು ಬಿಟ್ಟು ಮೊದಲ ವಾರವೇ ಜೋಡಿ ಹಚ್ಚುವ ಕಡೆ ಕಳಿಸಬೇಡಿ. ಜೋಡಿ ಹಚ್ಚುವಾಗಲೂ ವಯಸ್ಸಷ್ಟೇ ಸಾಲದು, ತೂಕವೂ ಹೊಂದಬೇಕು.

ತೂಕದ ಮಾತು ಬಂದಾಗ ಇನ್ನೊಂದನ್ನು ಒತ್ತಿ ಹೇಳಬೇಕು. ಕಡಿಮೆ ತೂಕದ ವಿಭಾಗಕ್ಕೆ ಸೇರಿಸಲು ಮಕ್ಕಳಿಗೆ ನೀರು ಬಿಡಿಸುವುದು, ಉಪವಾಸ ಕೆಡವುವುದು ಅನ್ಯಾಯ. ಬೆಳೆಯುವ ಮಗು ಹೊಟ್ಟೆ ತುಂಬ ರೊಟ್ಟಿ, ಕಾಳುಪಲ್ಯ, ಹಾಲು, ತತ್ತಿ ತಿನ್ನಲಿ. ಯಾವ ತೂಕ ಬರುತ್ತದೋ ಆ ತೂಕದಲ್ಲೇ ಆಡಲಿ.

ಜಾತ್ರೆಯ ಕುಸ್ತಿಗೆ ಅವಸರ ಬೇಡ. ಮಣ್ಣಿನ ನಿಕಾಲಿ ಕುಸ್ತಿ ಬೆನ್ನು ನೆಲಕ್ಕೆ ತಾಗುವವರೆಗೂ ನಡೆಯುತ್ತದೆ. ಮ್ಯಾಟ್ ಕುಸ್ತಿಯ ಅಂತರರಾಷ್ಟ್ರೀಯ ನಿಯಮದಲ್ಲಾದರೆ 15 ವರ್ಷದೊಳಗಿನವರಿಗೆ 2 ನಿಮಿಷದ ಎರಡೇ ಸುತ್ತು, ನಡುವೆ 30 ಸೆಕೆಂಡು ಬಿಡುವು. ದಣಿದ ಮೈಗೆ ಪೆಟ್ಟು ಹೆಚ್ಚು. ಸುತ್ತು ಚಿಕ್ಕದಿರುವುದು ಮಕ್ಕಳಿಗೆ ಒಳ್ಳೆಯದೇ.

ಹೆಣ್ಣುಮಕ್ಕಳನ್ನು ಒಳಗೆ ಬಿಡದ ಗರಡಿಗಳು ಇನ್ನೂ ಇವೆ. 2004ರಿಂದ ಒಲಿಂಪಿಕ್ಸ್‌ನಲ್ಲಿ ಮಹಿಳಾ ಕುಸ್ತಿ ಇದೆ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಇನ್ನೂ ಬಾಗಿಲು ಹಾಕಿಕೊಂಡು ಕೂರುವುದು ಸರಿಯಲ್ಲ. ಆ ಬಾಗಿಲು ತೆರೆಯುವವರೆಗೆ ಮ್ಯಾಟ್ ಕುಸ್ತಿ, ಜೂಡೊ, ಕರಾಟೆಯ ದಾರಿ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳ ಆಯ್ಕೆ ಯಾವಾಗ ಎಂದು ಬೆಳಗಾವಿಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಬಾಕ್ಸಿಂಗ್ ಮಾತ್ರ ಬೇರೆ: ಅಲ್ಲಿ ತಲೆಯೇ ಗುರಿ. ಮಕ್ಕಳಿಗೆ ಅದು ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದೆ.

ಯಾವ ಆಟವೇ ಇರಲಿ, ತಲೆಗೆ ಪೆಟ್ಟಾಗಿ ಮಗು ಮಂಕಾದರೆ, ವಾಂತಿ ಮಾಡಿದರೆ ಆಟ ಅಲ್ಲಿಗೆ ನಿಲ್ಲಬೇಕು, ಕೂಡಲೇ ಆಸ್ಪತ್ರೆಗೆ ಹೊರಡಬೇಕು. ‘ಏನಾಗಲ್ಲ, ಏಳೋ’ ಅನ್ನುವ ಉಸ್ತಾದರೋ, ‘ಸಾಕು, ಕೂಡು’ ಅನ್ನುವವರೋ ಎಂಬುದನ್ನು ಸೇರಿಸುವ ಮೊದಲು ನಾಲ್ಕು ದಿನ ಕಣದ ಪಕ್ಕ ಕುಳಿತು ನೋಡಿ.