‘ಸ್ಯಾಂಪಲ್ ತಂದಿದ್ದೀರಾ?’

ಸ್ಪೇರ್ಸ್ ಅಂಗಡಿಯ ಕೌಂಟರಿನಲ್ಲಿ ಮೊದಲು ಎದುರಾಗುವ ಪ್ರಶ್ನೆ ಇದೇ. ‘ಮಿಕ್ಸೀದು ಸಾರ್, ಕಪ್ಪಗೆ, ಹಲ್ಲುಹಲ್ಲಾಗಿ ಇರುತ್ತಲ್ಲ...’ ಎಂದು ಗಾಳಿಯಲ್ಲಿ ಬೆರಳಾಡಿಸಿ ವಿವರಿಸಲು ಹೊರಟರೆ ಅಂಗಡಿಯವರು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ‘ಹಳೇದು ತಗೊಂಡ್ ಬನ್ನಿ’ ಎಂದು ಪಕ್ಕದ ಗಿರಾಕಿಯ ಕಡೆ ತಿರುಗುತ್ತಾರೆ. ಅದು ಒರಟುತನವಲ್ಲ. ಹಿಂದಿನ ಗೋಡೆಯ ಡಬ್ಬಗಳಲ್ಲಿ ಕಪ್ಪಗೆ, ಹಲ್ಲುಹಲ್ಲಾಗಿ ಇರುವ ಕಪ್ಲರುಗಳೇ ಹತ್ತಾರು ಬಗೆಯವು ಇವೆ. ಒಂದರ ಹಲ್ಲು ನಾಲ್ಕು, ಇನ್ನೊಂದರದು ಆರು. ಒಂದಕ್ಕೆ ಒಳಗೇ ತಿರುಪಿನ ಮರೆ ಇದೆ, ಇನ್ನೊಂದು ಹಾಗೇ ಒತ್ತಿ ಕೂರಿಸುವಂಥದ್ದು.

ಬೆಂಗಳೂರಿನಲ್ಲಿ ಈ ಪ್ರಶ್ನೆ ಹೆಚ್ಚಾಗಿ ಕಿವಿಗೆ ಬೀಳುವುದು ಹಳೇ ಪೇಟೆಯಲ್ಲಿ. ಪುರಭವನದಿಂದ ನಡೆದೇ ಹೋಗಬಹುದಾದ ಸಾದರ ಪತ್ರಪ್ಪ ರಸ್ತೆಯನ್ನು ಪೂರ್ತಿ ಹೆಸರಿನಿಂದ ಕರೆಯುವವರಿಲ್ಲ, ಎಸ್.ಪಿ. ರೋಡ್ ಎಂದರೇ ಆಟೊದವರಿಗೂ ಅರ್ಥವಾಗುವುದು. ಹೊರಗಿನವರಿಗೆ ಅದು ಕಂಪ್ಯೂಟರಿನ ಬೀದಿ. ಒಳಗಿನ ಓಣಿಗಳಿಗೆ ಇಳಿದರೆ ಕೆಪಾಸಿಟರು, ರಿಲೇ, ಸ್ವಿಚ್ಚು, ವೈರು. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದಾದ ಅಂಗಡಿಗಳಲ್ಲಿ ಇವುಗಳದೇ ರಾಶಿ. ಹಾಗಂತ ಪ್ರತಿಯೊಂದಕ್ಕೂ ಎಸ್.ಪಿ. ರೋಡಿಗೇ ಓಡಬೇಕಾಗಿಲ್ಲ. ಕುಕ್ಕರ್ ಗ್ಯಾಸ್ಕೆಟ್ಟಿನ ಗೊಂಚಲು ಯಾವ ಊರಿನ ಪಾತ್ರೆ ಅಂಗಡಿಯಲ್ಲೂ ಮೊಳೆಗೆ ನೇತುಬಿದ್ದಿರುತ್ತದೆ. ‘ಮಿಕ್ಸಿ, ಗ್ರೈಂಡರ್ ರಿಪೇರಿ’ ಎಂಬ ಬೋರ್ಡಿನ ಅಂಗಡಿಯಿಲ್ಲದ ತಾಲ್ಲೂಕು ಕೇಂದ್ರ ಅಪರೂಪ. ರಿಪೇರಿಯವರಿಗೆ ಬಿಡಿಭಾಗವನ್ನಷ್ಟೇ ಮಾರಲು ಸ್ವಲ್ಪ ಮುನಿಸು ಇರುತ್ತದೆ, ಕೂಲಿ ಹೋಯಿತಲ್ಲ ಎಂದು. ವಿನಯದಿಂದ ಕೇಳಿದರೆ ಕೊಡುತ್ತಾರೆ.

ಕಪ್ಲರಿನ ವಿಷಯವನ್ನೇ ನೋಡಿ. ಮಿಕ್ಸಿಯಲ್ಲಿ ಅದು ಜೋಡಿ. ಒಂದು ಮೋಟಾರಿನ ತಲೆಯ ಮೇಲೆ, ಇನ್ನೊಂದು ಜಾರಿನ ತಳದಲ್ಲಿ. ಮೋಟಾರಿನದನ್ನು ಸಾಮಾನ್ಯವಾಗಿ ರಬ್ಬರಿನಲ್ಲೋ ನೈಲಾನಿನಲ್ಲೋ ಮಾಡಿರುತ್ತಾರೆ. ಗಟ್ಟಿ ಲೋಹದಲ್ಲಿ ಮಾಡಬಾರದಿತ್ತೇ ಎಂದು ಅನೇಕರು ಕೇಳುತ್ತಾರೆ. ಅರಿಶಿನದ ಕೊಂಬು ಬ್ಲೇಡಿಗೆ ಸಿಕ್ಕಿ ಜಾರು ನಿಂತುಬಿಟ್ಟಾಗ ಏನಾದರೊಂದು ಸೋಲಲೇಬೇಕು. ಕಪ್ಲರಿನ ಹಲ್ಲು ಉದುರಿದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ, ಮೋಟಾರು ಸುಟ್ಟರೆ ಹೊಸ ಮಿಕ್ಸಿಯ ಮಾತು. ಸಾಯುವುದೇ ಅದರ ಕೆಲಸ. ಮರೆ ಇರುವ ಕಪ್ಲರನ್ನು ಬಿಚ್ಚುವುದರಲ್ಲೂ ಒಂದು ಮರ್ಮವಿದೆ: ಮೋಟಾರು ಯಾವ ಕಡೆಗೆ ತಿರುಗುತ್ತದೋ ಅದೇ ಕಡೆಗೆ ತಿರುಗಿಸಬೇಕು. ಓಡುವಾಗ ಜಾರಿನ ಭಾರ ಅದನ್ನು ಎದುರು ದಿಕ್ಕಿಗೆ ಒತ್ತಿ ಬಿಗಿ ಮಾಡುತ್ತಲೇ ಇರುತ್ತದೆ, ಆದ್ದರಿಂದ ಮರೆಯೇ ಹಾಗೆ. ಇದು ತಿಳಿಯದೆ ಇಕ್ಕಳ ಹಾಕಿ ತಿಣುಕಿದವರು ಕೊನೆಗೆ ಕಪ್ಲರನ್ನು ಒಡೆದೇ ತೆಗೆಯುತ್ತಾರೆ. ಅಂದಹಾಗೆ, ಮಿಕ್ಸಿ ಏಕಾಏಕಿ ಸದ್ದಿಲ್ಲದೆ ನಿಂತರೆ ಪ್ಲಗ್ ಕಿತ್ತು, ಕೊಂಚ ಆರಲು ಬಿಟ್ಟು, ತಲೆಕೆಳಗೆ ಮಾಡಿ ನೋಡಿ. ಅನೇಕ ಮಿಕ್ಸಿಗಳ ತಳದಲ್ಲಿ ಓವರ್‌ಲೋಡಿನ ಒಂದು ಪುಟ್ಟ ಕೆಂಪು ಗುಂಡಿ ಇರುತ್ತದೆ. ಅದನ್ನೊಮ್ಮೆ ಒತ್ತಿದರೆ ಅಂಗಡಿಗೆ ಹೋಗುವುದೇ ತಪ್ಪಬಹುದು.

ನಮ್ಮ ಮಿಕ್ಸಿ ಹುಟ್ಟಿದ್ದೇ ರಿಪೇರಿ ಆಗದ ಒಂದು ಯಂತ್ರದಿಂದ. 1960ರ ದಶಕದಲ್ಲಿ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿದ್ದ ಜರ್ಮನಿಯ ಬ್ಲೆಂಡರ್ ಕೆಟ್ಟಿತು, ಭಾರತದಲ್ಲಿ ಅದನ್ನು ಸರಿಮಾಡಿಸಿಕೊಳ್ಳುವ ದಾರಿ ಇರಲಿಲ್ಲ. ನಮ್ಮ ಚಟ್ನಿ, ಮಸಾಲೆಗೆ ಜಗ್ಗದ ಮೋಟಾರು ಬೇಕೆಂದು ಅವರು ತಾವೇ ಮಾಡಿದ್ದು ‘ಸುಮೀತ್’. ಒಂದು ತಲೆಮಾರಿನ ಮನೆಗಳಲ್ಲಿ ಮಿಕ್ಸಿ ಎಂದರೆ ಸುಮೀತೇ.

ಮಿಕ್ಸಿಗಿಂತ ಸೀಲಿಂಗ್ ಫ್ಯಾನ್ ಸುಲಭ. ಕಾರಣ, ಅದರ ಒಳಗಿನದಕ್ಕೆಲ್ಲ ನಂಬರುಗಳಿವೆ. ಗುಂಯ್ಯೆನ್ನುತ್ತಾ ನಿಂತೇ ಇದ್ದು, ಕೈಯಿಂದ ತಳ್ಳಿದರೆ ಮಾತ್ರ ಓಡುವ ಫ್ಯಾನಿನಲ್ಲಿ ಸೋತಿರುವುದು ಬಹುತೇಕ ಕೆಪಾಸಿಟರು. ಅದರ ಮೈಮೇಲೆ 2.5 ಎಂಎಫ್‌ಡಿ (ಮೈಕ್ರೋಫ್ಯಾರಡ್) ಎಂದೋ 3.15 ಎಂದೋ ಬರೆದಿರುತ್ತದೆ. ಕೌಂಟರಿನಲ್ಲಿ ‘ಎರಡೂವರೆ ಕೊಡಿ’ ಎಂದರೆ ಸಾಕು, ಯಾವ ಕಂಪನಿಯ ಫ್ಯಾನ್ ಎಂದೂ ಕೇಳುವುದಿಲ್ಲ. ಜೋರಾಗಿ ತಿರುಗಲಿ ಎಂದು ದೊಡ್ಡ ನಂಬರಿನದನ್ನು ಹಾಕುವ ಜಾಣರಿದ್ದಾರೆ; ಅದರಿಂದ ಕಾಯಿಲು ಬಿಸಿಯಾಗುತ್ತದೆ. ಕರಕರ ಸದ್ದು ಬಂದರೆ ಬೇರಿಂಗು. ಅದರ ಅಂಚಿನಲ್ಲೇ 6201, 6202 ಎಂದು ಕೆತ್ತಿರುತ್ತದೆ. 6202 ಎಂದರೆ ಒಳವ್ಯಾಸ 15 ಮಿ.ಮೀ., ಹೊರವ್ಯಾಸ 35, ದಪ್ಪ 11. ಯಾವ ದೇಶದಲ್ಲಿ ಮಾಡಿದರೂ ಅಷ್ಟೇ. ಮನೆಯ ಯಂತ್ರಗಳನ್ನು ಮಾಡುವವರೆಲ್ಲ ಹೀಗೆ ಒಂದು ಲೆಕ್ಕಕ್ಕೆ ಒಪ್ಪಿದ್ದರೆ ಈ ಲೇಖನವೇ ಬೇಕಿರಲಿಲ್ಲ.

‘ಒರಿಜಿನಲ್ ಕೊಡ್ಲಾ, ಲೋಕಲ್ ಕೊಡ್ಲಾ?’ ಎಂಬುದು ಎರಡನೆಯ ಪ್ರಶ್ನೆ. ಲೋಕಲ್ ಎಂದ ಕೂಡಲೇ ಮೂಗು ಮುರಿಯಬೇಕಿಲ್ಲ. ಕಪ್ಲರು, ಕಾರ್ಬನ್ ಬ್ರಷ್ಷು, ಜಾರಿನ ರಬ್ಬರ್ ವಾಷರು ಬೇಗ ಸವೆದರೂ ಹೋಗುವುದು ಸ್ವಲ್ಪ ದುಡ್ಡು ಅಷ್ಟೇ. ಆದರೆ ಕುಕ್ಕರಿನ ಸೇಫ್ಟಿ ವಾಲ್ವ್ ಹಾಗಲ್ಲ. ಅದರ ನಡುವಿನ ಲೋಹ ನಿಗದಿತ ಬಿಸಿಗೆ ಕರಗಿ ಆವಿಗೆ ದಾರಿ ಬಿಡಬೇಕು. ಕರಗದಿದ್ದರೆ ಕುಕ್ಕರೇ ಸಿಡಿಯಬಹುದು. ಗೀಸರಿನ ಥರ್ಮೋಸ್ಟಾಟಿಗೂ ಇದೇ ಮಾತು. ಇವೆರಡರಲ್ಲಿ ಅಗ್ಗದ್ದು ಬೇಡ. ಗ್ಯಾಸಿನ ರೆಗ್ಯುಲೇಟರು ಬೇಕಿದ್ದರೆ ಏಜೆನ್ಸಿಯಿಂದಲೇ ತರಬೇಕು, ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಮೈಕ್ರೋವೇವನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಬೋರ್‌ವೆಲ್ ನೀರಿನ ಬಡಾವಣೆಗಳವರಿಗೆ ಗೀಸರಿನ ಎಲಿಮೆಂಟು ಪರಿಚಿತ. ಬಿಳಿ ಹಕ್ಕಳೆ ಕಟ್ಟಿಕೊಂಡು ಸಾಯುತ್ತದೆ. ಜೊತೆಗೇ ಇರುವ ಮೆಗ್ನೀಷಿಯಂ ರಾಡು ತಾನು ಕರಗುತ್ತಾ ಟ್ಯಾಂಕನ್ನು ತುಕ್ಕಿನಿಂದ ಕಾಯುವಂಥದ್ದು. ಎಲಿಮೆಂಟ್ ತರಲು ಹೋದವರು ಅದನ್ನೂ, ಗ್ಯಾಸ್ಕೆಟ್ಟನ್ನೂ ಒಟ್ಟಿಗೆ ತರುವುದು ಲೇಸು.

ತೊಡಕು ಬರುವುದು ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ. ಈಗಿನ ವಾಷಿಂಗ್ ಮೆಷಿನ್ನು, ಇಂಡಕ್ಷನ್ ಒಲೆಗಳ ಪಿಸಿಬಿ ಆಯಾ ಮಾಡೆಲ್ಲಿಗೆ ಮಾತ್ರ ಒಗ್ಗುವಂಥದ್ದು, ಅದಕ್ಕೆ ಸ್ಯಾಂಪಲ್ ಹಿಡಿದು ಹೋದರೂ ಅಂಗಡಿಯವರು ತಲೆಯಾಡಿಸುತ್ತಾರೆ. ಬಟ್ಟೆ ಒಗೆಯುವ ಡ್ರಮ್ಮು, ಮೋಟಾರು ಗಟ್ಟಿಯಾಗಿದ್ದೂ ಒಂದು ಬೋರ್ಡಿಗಾಗಿ ಇಡೀ ಯಂತ್ರ ಗುಜರಿಗೆ ಹೋಗುವುದು ನನಗಂತೂ ಅನ್ಯಾಯವಾಗಿಯೇ ಕಾಣುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ, 2021ರ ಮಾರ್ಚ್‌ನಿಂದ ಮಾರುಕಟ್ಟೆಗೆ ಬರುವ ವಾಷಿಂಗ್ ಮೆಷಿನ್ನುಗಳ ಮುಖ್ಯ ಬಿಡಿಭಾಗಗಳನ್ನು ಕನಿಷ್ಠ ಹತ್ತು ವರ್ಷ, ಫ್ರಿಜ್ಜಿನವನ್ನು ಏಳು ವರ್ಷ ಒದಗಿಸುವುದು ಕಂಪನಿಯ ಹೊಣೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಕಂಪನಿಗಳು ರಿಪೇರಿಯ ಮಾಹಿತಿಯನ್ನು ಒಂದೆಡೆ ಕೊಡಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ವರ್ಷಗಳ ಲೆಕ್ಕ ಹಾಕಿ ಕಡ್ಡಾಯ ಮಾಡಿದ್ದರ ಬಲ ಅದಕ್ಕಿಲ್ಲ.

ಹೊರಡುವ ಮುನ್ನ ಯಂತ್ರದ ಹಿಂದೆಯೋ ತಳದಲ್ಲೋ ಅಂಟಿಸಿರುವ ಮಾಡೆಲ್ ನಂಬರಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ವೈರುಗಳನ್ನು ಬಿಚ್ಚುವ ಮೊದಲೂ ಒಂದು ಫೋಟೊ ಇರಲಿ. ಹಳೆಯದನ್ನೂ ಹೊಸದನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು, ಹಲ್ಲು ಎಣಿಸಿ, ತೂತಿಗೆ ತೂತು ಸರಿಹೊಂದಿತೇ ನೋಡಿ ಆಮೇಲೆ ದುಡ್ಡು ಕೊಡಿ. ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಗೊಳ್ಳೋದಿಲ್ಲ ಎಂದು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಬಿಲ್ಲು ಕೊಟ್ಟರೆ.