ಹಳ್ಳ ಕಾಯಿಸಿದ ಬಚ್ಚಲ ನೀರು

ಪುಷ್ಯ ಮಳೆ ಹಿಡಿದರೆ ಕಳಸದ ಕಡೆ ವಾರಗಟ್ಟಲೆ ಬಿಸಿಲಿಲ್ಲ. ಸೂರಿನ ಮೇಲಿನ ಸೋಲಾರಿನಲ್ಲಿ ಬರುವುದು ತಣ್ಣೀರು. ಮರ ಬಿದ್ದು ಲೈನ್ ಹರಿದರೆ ಗೀಸರಿಗೂ ಗತಿಯಿಲ್ಲ. ಅಂಥ ಒಂದು ದಿನ ಹೊರನಾಡು ದಾರಿಯ ಕಾಫಿ ತೋಟದ ಮನೆಯೊಂದರಲ್ಲಿ, ಎಸ್ಸೆಸ್ಸೆಲ್ಸಿಯ ಹುಡುಗ, ಪಿಯುಸಿಯ ಅಕ್ಕ ಇಬ್ಬರೂ ಹಬೆಯಾಡುವ ನೀರಿನಲ್ಲಿ ಮಿಂದು ಬಂದರು. ಊರಿಗೇ ಕರೆಂಟಿರಲಿಲ್ಲ. ಬಚ್ಚಲೊಲೆಗೆ ಬೆಂಕಿ ಹಾಕಿರಲಿಲ್ಲ.

ನೀರು ಕಾಯಿಸಿದ್ದು ಮನೆ ಹಿಂದಿನ ಹಳ್ಳ.

ಹಳ್ಳದ ಕರೆಂಟು ನಮಗೆ ಹೊಸತಲ್ಲ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಯ ಒಂಟಿಮನೆಗಳು ಸಹಾಯಧನ ಪಡೆದು ಪುಟ್ಟ ಟರ್ಬೈನ್ ಹಾಕಿಸಿಕೊಂಡಿವೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ನಷ್ಟ ಕಳೆದು ಸುಮಾರು 1 ಕಿಲೋವಾಟ್. ಈ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಟರ್ಬೈನ್ ಅಲ್ಲ, ಪಕ್ಕದಲ್ಲಿದ್ದ ಲೋಡ್ ಕಂಟ್ರೋಲರ್ ಪೆಟ್ಟಿಗೆ.

ಮನೆಯವರು ಸ್ವಿಚ್ ಆರಿಸಿದರೂ ಹಳ್ಳ ಹರಿಯುತ್ತಲೇ ಇರುತ್ತದೆ. ಹೊರೆ ಇಳಿದ ಕೂಡಲೇ ಟರ್ಬೈನ್ ವೇಗ ಏರಿ, ವೋಲ್ಟೇಜ್ ಜಿಗಿದು, ಉರಿಯುತ್ತಿರುವ ಬಲ್ಬುಗಳು ಸುಡುತ್ತವೆ. ಅದನ್ನು ತಡೆಯಲು ಪೆಟ್ಟಿಗೆಯು ಮಿಕ್ಕ ಕರೆಂಟನ್ನು ಕ್ಷಣಮಾತ್ರದಲ್ಲಿ ಒಂದು ಹೀಟರ್ ಸುರುಳಿಗೆ ತಿರುಗಿಸುತ್ತದೆ. ಆ ಸುರುಳಿಯನ್ನು ಗಾಳಿಗೆ ಬಿಟ್ಟರೆ ಶಾಖವೆಲ್ಲ ವ್ಯರ್ಥ. ಈ ಮನೆಯವರು ಅದನ್ನು ನೀರಿನ ಟ್ಯಾಂಕಿನೊಳಗೆ ಇಳಿಸಿದ್ದಾರೆ. ದಿನಕ್ಕೆ 24 ಯುನಿಟ್ ಹುಟ್ಟಿ 10 ಯುನಿಟ್ ಮಿಕ್ಕಿತೆಂದರೂ, 18 ಡಿಗ್ರಿಯ 200 ಲೀಟರ್ ನೀರನ್ನು 58ರ ಆಸುಪಾಸಿಗೆ ಏರಿಸಬಹುದು. ಆವಿ ಹೋಗಲು ಕೊಳವೆ, ಸುರುಳಿ ಸದಾ ಮುಳುಗಿರುವಂತೆ ನೀರಿನ ಒಳಹರಿವು, ಗಟ್ಟಿ ಅರ್ಥಿಂಗ್ ಇರಲೇಬೇಕು.

ಮಕ್ಕಳಿಗೆ ಇದೆಲ್ಲ ಬಾಯಿಪಾಠ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಓಡಿದಷ್ಟೂ ಬಚ್ಚಲಿಗೆ ಶಾಖ ಕಡಿಮೆ. ಆದ್ದರಿಂದ ಇಸ್ತ್ರಿ ಯಾವಾಗ, ಸ್ನಾನ ಯಾವಾಗ ಎಂಬುದನ್ನು ಅವರೇ ಗೊತ್ತು ಮಾಡಿಕೊಂಡಿದ್ದಾರೆ. ಟ್ಯಾಂಕ್ ಬರಿದು ಮಾಡಿದವರು ಬಚ್ಚಲೊಲೆ ಹೊತ್ತಿಸಬೇಕು. ಇದು ಅಮ್ಮನ ಕಟ್ಟಳೆ. ಹೊತ್ತಿಸುವ ಪ್ರಸಂಗ ಕಡಿಮೆಯಂತೆ.

ಹಿಂದೆ ಮರಗಸಿಯ ರೆಂಬೆ, ಕಾಫಿ ಗಿಡದ ಒಣಕಡ್ಡಿಯಿಂದ ತಾಮ್ರದ ಹಂಡೆ ಇಡೀ ದಿನ ಕಾಯುತ್ತಿತ್ತು. ಸೌದೆ ಉಳಿಸಲು, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ ತನ್ನ ಒಲೆಯನ್ನು ಕೊಟ್ಟಿತು. ಆಮೇಲೆ ಗೀಸರ್, ಸೋಲಾರ್, ಗ್ಯಾಸ್ ಬಂದವು. ಗ್ಯಾಸ್ ಗೀಸರ್ ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವ ಹೋಗುತ್ತದೆ.

ಹಳ್ಳವಿಲ್ಲದ ಪೇಟೆಮನೆಯ ಲೆಕ್ಕ ನೋಡಿ. 18 ಲೀಟರಿನ ಒಂದು ಬಕೆಟ್ ನೀರನ್ನು 18 ಡಿಗ್ರಿಯಿಂದ 40ಕ್ಕೆ ತರಲು ಅರ್ಧ ಯುನಿಟ್ ಸಾಕು. ನಿಮಿಷಕ್ಕೆ 6 ಲೀಟರ್ ಬೀಳುವ ಶವರಿನ ಕೆಳಗೆ ಹರೆಯದ ಹುಡುಗ ಕಾಲು ಗಂಟೆ ನಿಂತರೆ ಅದೇ ಬಿಸಿಗೆ 2.3 ಯುನಿಟ್. ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ ಸುಮಾರು 138 ಯುನಿಟ್ ಬಚ್ಚಲಿಗೇ ಹೋಯಿತು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಗಡಿ ತಿಂಗಳಿಗೆ 200 ಯುನಿಟ್. ದಾಟಿದರೆ ಬಿಲ್ ಪೂರ್ತಿ ನಿಮ್ಮದೇ. ಅದಕ್ಕೂ ಮುಖ್ಯವಾಗಿ, ಹೆಚ್ಚಿನ ಮನೆಗಳ ಉಚಿತ ಪಾಲು ನಿಂತಿರುವುದು 2022–23ರ ಸರಾಸರಿ ಬಳಕೆಯ ಮೇಲೆ. ಅಂದು ಅಮ್ಮನ ಕೈಯಲ್ಲಿ ಬಕೆಟ್ ಸ್ನಾನ ಮಾಡುತ್ತಿದ್ದ ಮಗು ಇಂದು ಬಾಗಿಲು ಹಾಕಿಕೊಂಡು ಶವರಿನಡಿ ನಿಲ್ಲುವ ವಯಸ್ಸಿಗೆ ಬಂದಿದೆ.

ಗದರಿದರೆ ಹರೆಯದವರು ನಲ್ಲಿ ಮುಚ್ಚುವುದಿಲ್ಲ. ಬಿಸಿ ಎಲ್ಲಿಂದ ಬರುತ್ತದೆ, ಎಷ್ಟಕ್ಕೆ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಂಡರೆ ತಾವಾಗಿಯೇ ಮುಚ್ಚುತ್ತಾರೆ. ಆ ಮನೆಯಲ್ಲಿ ಕಂಡದ್ದು ಇದೇ.

ತೋಟದಲ್ಲಿ ಟರ್ಬೈನ್ ಇದ್ದವರು ಮಿಕ್ಕ ಶಾಖವನ್ನು ಗಾಳಿಗೆ ಬಿಡಬೇಡಿ. ಬಲ್ಲವರನ್ನು ಕರೆಸಿ ಸುರುಳಿಯನ್ನು ನೀರಿಗೆ ಇಳಿಸಿ. ಹಳ್ಳವಿಲ್ಲದವರು ಮೆಸ್ಕಾಂನ ಕರೆಂಟ್ ಮೀಟರ್ ಓದಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಈ ಮಳೆಗಾಲದಲ್ಲೇ ಶುರು ಮಾಡಿ.